ಗೌರಕ್ಕನ ಅರ್ಧ ಫ್ರೆಂಚು

ಗೌರಕ್ಕನ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳದಿದ್ದರೆ ಹೊತ್ತು ಹೋಗುವುದಿಲ್ಲ. ಹಾಗಾದರೆ ನಿಮ್ಮಿಬ್ಬರಿಗೂ ಜಗಳವೇ ಎಂದು ಯಾರಾದರೂ ಕೇಳಿದರೆ ಅವರಿಗೆ ತಾಳಮದ್ದಳೆ ಗೊತ್ತಿಲ್ಲ ಎಂದೇ ಲೆಕ್ಕ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ನಾವು ಚಾಪೆಯ ಮೇಲೆ ಎದುರುಬದುರು ಕೂತು ಮಾತಿನಲ್ಲೇ ಕಥೆ ನಡೆಸುತ್ತೇವೆ. ಬರೆದಿಟ್ಟ ಮಾತು ಒಂದೂ ಇಲ್ಲ. ಅವಳು ರಾಯಭಾರಿ, ನಾನು ರಾಜ. ಯುದ್ಧ ಬೇಡ, ಅಣ್ಣತಮ್ಮಂದಿರಿಗೆ ಪಾಲು ಕೊಡು ಎಂದು ಅವಳು. ಹಿಡಿ ಮಣ್ಣೂ ಕೊಡುವುದಿಲ್ಲ ಎಂದು ನಾನು. ವರ್ಷಗಟ್ಟಲೆ ಹೀಗೆ ಕೂತಿದ್ದೇವೆ. ನಾನು ಒಂದು ಸಲವೂ ಕೊಟ್ಟಿಲ್ಲ, ಆದರೂ ಏಳುವಾಗ ಜನ ಗೆದ್ದವಳು ಗೌರಕ್ಕ ಎನ್ನುತ್ತಾರೆ. ಉರಿಯದೆ ಇರುತ್ತದೆಯೇ?

ನಾನು ಪರಿಮಳಾ. ತವರು ಇಡಗುಂದಿ. ಗಂಡನದು ಶಿರಸಿಯ ದೇವಿಕೆರೆ ಹತ್ತಿರ ಹಿಟ್ಟಿನ ಗಿರಣಿ. ಮೋಟಾರು, ಬೆಲ್ಟು ಅವರು ನೋಡಿಕೊಂಡರೆ ಗಿರಾಕಿಗಳು ನನ್ನ ಪಾಲು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲಿಗೆ ಮೈಕು ಬೇಡವಾಗಿದೆ. ಸಿಟ್ಟು ಮಾತ್ರ ಹುಟ್ಟಿನಿಂದಲೇ ಬಂದಿದ್ದು. ರಾಜನ ಪಾತ್ರ ನನಗೆ ಸಿಕ್ಕಿದ್ದು ಈ ಎರಡರಿಂದ.

ಗೌರಕ್ಕನದು ಯಲ್ಲಾಪುರದ ನಂದೊಳ್ಳಿ. ಅವಳ ಅಪ್ಪನ ಮನೆಯಲ್ಲಿ ತಾಳಮದ್ದಳೆ ಆಗುವಾಗ ಗಂಡಸರು ಜಗುಲಿಯಲ್ಲಿ, ಹೆಂಗಸರು ಒಳಗೆ ಕಷಾಯ ಕಾಸುತ್ತ. ಈ ಹುಡುಗಿ ಕಷಾಯದ ತಂಬಿಗೆ ಹಿಡಿದು ಬಾಗಿಲ ಸಂದಿಯಲ್ಲಿ ನಿಂತುಬಿಡುತ್ತಿದ್ದಳಂತೆ. ಕಷಾಯ ಆರಿ ತಣ್ಣಗಾಗಿ ಅಜ್ಜಿಯ ಕೈಯಲ್ಲಿ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಹೆಗಡೆಕಟ್ಟಾದ ಶಾಂತಾರಾಮ ಭಾವನಿಗೆ ಕೊಟ್ಟರು. ಅವನು ಮದ್ದಳೆಗಾರ. ಗಂಡು ಹೇಗಿದ್ದಾನೆ ಎಂದು ಗೆಳತಿಯರು ಕೇಳಿದರೆ, ಬಲಗೈ ಚೊಲೋ ಇದ್ದು ಎಂದಳಂತೆ! ಆಮೇಲೆ ಇಬ್ಬರೂ ಶಿರಸಿಗೆ ಬಂದರು. ಯಲ್ಲಾಪುರ ನಾಕಾದ ಹತ್ತಿರ ಗೌರಕ್ಕ ಹೊಲಿಗೆ ಅಂಗಡಿ ಇಟ್ಟಳು. ಅವಳು ಹೊಲಿದ ಬ್ಲೌಸಿನ ತೋಳು ಎತ್ತಿ ಮಾತಾಡಿದರೂ ಎಳೆಯುವುದಿಲ್ಲ. ಮಾತಾಡುವವರ ಕಷ್ಟ ಅವಳಿಗೆ ಗೊತ್ತು.

ಹೆಂಗಸರ ತಾಳಮದ್ದಳೆ ಕೂಟ ಕಟ್ಟಿದ್ದೂ ಅವಳೇ. ಹೈಸ್ಕೂಲಿನಲ್ಲಿ ಕಲಿಸುವ ಲಕ್ಷ್ಮೀ ಭಾಗವತಳಾದಳು, ಶಾಂತಾರಾಮ ಭಾವ ಮದ್ದಳೆಗೆ, ಮಾತಿಗೆ ನಾವಿಬ್ಬರು. ಕರೆಯುವವರೇನೋ ಕರೆಯುತ್ತಿದ್ದರು. ಆದರೆ ಯಾವಾಗ? ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಜನ ಕಂಬಕ್ಕೆ ಒರಗಿ ತೂಕಡಿಸುವಾಗ. ಸಂಜೆಗೆ ದೊಡ್ಡ ಗಂಡಸರ ಕೂಟ ಬರುವ ತನಕ ಚಾಪೆ ಬೆಚ್ಚಗಿಡುವ ಕೆಲಸ ನಮ್ಮದು. ಒಮ್ಮೆ ಒಬ್ಬ ಸಂಘಟಕ ಮೈಕಿನಲ್ಲೇ, ಈಗ ನಮ್ಮ ತಾಯಂದಿರಿಂದ ಸ್ವಲ್ಪ ಕಾಲಕ್ಷೇಪ ಎಂದ. ನಾನು ಎದ್ದು ಅವನ ಕುತ್ತಿಗೆಗೆ ಕೈ ಹಾಕುವುದರಲ್ಲಿದ್ದೆ. ಗೌರಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು.

ಹಾಗಿರುವಾಗ, ತೊಂಬತ್ತೊಂಬತ್ತರ ಯುಗಾದಿ ಮುಗಿದ ವಾರ, ಮಾರ್ಟಿನಳ ಪತ್ರ ಬಂತು. ಮಾರ್ಟಿನ್ ಎಂದರೆ ಫ್ರಾನ್ಸಿನ ಹೆಂಗಸು. ಹಿಂದಿನ ಮಳೆಗಾಲದಲ್ಲಿ ಈ ಕಡೆಯ ತಾಳಮದ್ದಳೆಯನ್ನೆಲ್ಲ ಕೇಳುತ್ತ ಊರೂರು ಸುತ್ತಿದ್ದಳು. ಕನ್ನಡ ಹನಿ ಹನಿ ಬರುತ್ತಿತ್ತು. ಸಿದ್ದಾಪುರದಲ್ಲಿ ಎಲ್ಲರೂ ತೂಕಡಿಸುವಾಗ ಅವಳೊಬ್ಬಳೇ ಕಣ್ಣರಳಿಸಿ ನಮ್ಮಿಬ್ಬರ ಬಾಯನ್ನೇ ನೋಡುತ್ತ ಕೂತಿದ್ದಳು. ಲಿಯೋನ್ ಪಟ್ಟಣದ ಹತ್ತಿರ ಒಂದು ಸಣ್ಣ ಊರಂತೆ, ಅಲ್ಲಿ ವರ್ಷಕ್ಕೊಮ್ಮೆ ದೇಶದೇಶದ ಕಥೆ ಹೇಳುವವರು ಸೇರುತ್ತಾರಂತೆ. ಮುಂದಿನ ವರ್ಷದ ಮೇಳಕ್ಕೆ ನೀವು ನಾಲ್ಕೂ ಜನ ಬರಬೇಕು ಎಂದು ಬರೆದಿದ್ದಳು. ಲಕ್ಷ್ಮೀ ಇಂಗ್ಲಿಷು ಓದಿ ಹೇಳುತ್ತಿದ್ದ ಹಾಗೆ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರ ಕೂಟದ ಮುಂಚೆ ಚಾಪೆ ಬೆಚ್ಚಗಿಡುವುದಕ್ಕೂ ಅಲ್ಲ, ನಮ್ಮನ್ನೇ ಕರೆದಿದ್ದು!

ಪತ್ರದ ಕೊನೆಗೆ ಒಂದು ಷರತ್ತಿತ್ತು. ಆ ಮೇಳದಲ್ಲಿ ದುಭಾಷಿ ಇಲ್ಲ. ತಂಡದಲ್ಲಿ ಒಬ್ಬರಾದರೂ ಮೊದಲು ಕಥೆಯನ್ನು ಫ್ರೆಂಚಿನಲ್ಲಿ ಹೇಳಬೇಕು, ಮುಗಿದ ಮೇಲೆ ಜನ ಕೇಳಿದ್ದಕ್ಕೆ ಫ್ರೆಂಚಿನಲ್ಲೇ ಉತ್ತರ ಕೊಡಬೇಕು. ದೀಪಾವಳಿ ಕಳೆದ ಮೇಲೆ ಮಾರ್ಟಿನ್ ಶಿರಸಿಗೆ ಬಂದು ಪರೀಕ್ಷೆ ಮಾಡುತ್ತಾಳೆ. ನಮ್ಮಲ್ಲಿ ಯಾರಿಗೂ ಆಗದಿದ್ದರೆ ಕರಾವಳಿಯ ಒಂದು ಗಂಡಸರ ತಂಡ ಹೋಗುತ್ತದೆ, ಅವರಲ್ಲಿ ಫ್ರೆಂಚ್ ಬಲ್ಲವರು ಆಗಲೇ ಇದ್ದಾರೆ.

"ಗಂಡಸರ ತಂಡ" ಎನ್ನುವುದನ್ನು ಲಕ್ಷ್ಮೀ ಎರಡನೆಯ ಸಲ ಓದುವಷ್ಟರಲ್ಲಿ ಗೌರಕ್ಕ ಎದ್ದು ನಿಂತಿದ್ದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ, ಬಾಯಲ್ಲಿ ಎಲೆಯಡಿಕೆಯ ಕವಳ.

"ಆನು ಕಲಿತೆ," ಎಂದಳು. ನಾನು ಕಲಿಯುತ್ತೇನೆ ಎಂದು!

"ಗೌರಕ್ಕ, ನಿಂಗೆ ಮಳ್ಳನೇ? ಐವತ್ತಕ್ಕೆ ಬಂತು ವಯಸ್ಸು!"

"ಮಳ್ಳಾದ್ರೂ ಸೈ. ಅವ್ಕೆ ಬಿಟ್ಟುಕೊಡ್ತಿಲ್ಲೆ."

ಮರುದಿನವೇ ಚಂದ್ರಶೇಖರಪ್ಪನವರ ಪುಸ್ತಕದಂಗಡಿಗೆ ಹೋದೆವು. ಅವರು ಬನವಾಸಿ ಕಡೆಯವರು, ಬಂದವರನ್ನು ಕೂರಿಸದೆ ಮಾತಾಡಿಸುವವರಲ್ಲ. "ಬರ್ರಿ ಗೌರಕ್ಕಾರ, ಕೂಡ್ರಿ. ಫ್ರೆಂಚ್ ಏನ್ರಿ? ಯಾರಿಗ್ರಿ?" ಎಂದರು. ನನಗೇ ಎಂದು ಗೌರಕ್ಕ ಹೇಳಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆದರೂ ನಗಲಿಲ್ಲ, ಪುಣ್ಯಾತ್ಮರು. ಹುಬ್ಬಳ್ಳಿಯಿಂದ ತರಿಸುತ್ತೇನೆ ಎಂದರು, ತರಿಸಿಯೂ ತರಿಸಿದರು. ಮುಂದಿನ ವಾರ ಅವರ ಮೇಜಿನ ಮೇಲೆ ನಮಗೋಸ್ಕರ ಮೂರು ದಾರಿ ಬಿಚ್ಚಿಕೊಂಡಿದ್ದವು.

ಒಂದು ತೆಳು ಪುಸ್ತಕ. "ತಿಂಗಳದಾಗ ಮುಗೀತೈತಿ ಅಂತ ಬರದಾರ್ರಿ," ಎಂದರು ಚಂದ್ರಶೇಖರಪ್ಪ. ಗೌರಕ್ಕ ಅರಿವೆ ನೋಡುವ ಹಾಗೆ ಅದನ್ನು ತಿರುಗಿಸಿ, ಮಗುಚಿ, ಬೆರಳಲ್ಲಿ ಉಜ್ಜಿ ನೋಡಿದಳು. ಒಳಗೆ ಶಬ್ದಗಳೇನೋ ಸಾಲಾಗಿ ನಿಂತಿದ್ದವು. "ಇದ್ರಲ್ಲಿ ದನಿನೇ ಇಲ್ಲೆ. ಹೆಂಗೆ ಹೇಳವು ಹೇಳಿ ಯಾರನ್ನ ಕೇಳದು?" ಎಂದು ಕೆಳಗಿಟ್ಟಳು. ಎರಡನೆಯದು ಅಂಚೆಯಲ್ಲಿ ಬರುವ ಪಾಠ, ಪುಣೆಯಿಂದ. ತಿಂಗಳಿಗೊಂದು ಕಂತು. ಬುನಾದಿ ಗಟ್ಟಿಯಾಗುತ್ತದೆ, ಇದನ್ನೇ ತೆಗೆದುಕೊಳ್ಳಿ ಎಂದು ಲಕ್ಷ್ಮೀ ಹೇಳಿದ್ದಳು. ಆದರೆ ಅದು ಮುಗಿಯುವಷ್ಟರಲ್ಲಿ ಆ ಗಂಡಸರು ಫ್ರಾನ್ಸಿಗೆ ಹೋಗಿ, ತಿರುಗಿ ಬಂದು, ಶಾಲು ಹೊದೆಸಿಕೊಂಡು, ಊರೂರಲ್ಲಿ ಭಾಷಣ ಮಾಡಿಯೂ ಆಗಿರುತ್ತಿತ್ತು. ಮೂರನೆಯದು ಕ್ಯಾಸೆಟ್ಟಿನ ಪೆಟ್ಟಿಗೆ, ಜೊತೆಗೊಂದು ಪುಸ್ತಕ. ಚಂದ್ರಶೇಖರಪ್ಪ ಅಂಗಡಿಯ ಟೇಪ್ ರೆಕಾರ್ಡರಿಗೆ ಮೊದಲನೆಯ ಕ್ಯಾಸೆಟ್ ಹಾಕಿದರು. ಒಬ್ಬ ಹೆಂಗಸು ಏನೋ ಕೇಳಿದಳು, ಒಬ್ಬ ಗಂಡಸು ಏನೋ ಹೇಳಿದ. ಮತ್ತೆ ಅವಳು, ಮತ್ತೆ ಅವನು.

ಗೌರಕ್ಕನ ಮುಖ ಅರಳಿತು ನೋಡಿ, ಅಬ್ಬಬ್ಬ! "ಪರಿಮಳಾ, ಇದು ತಾಳಮದ್ದಳೆನೇಯಾ!" ಎಂದು ಅಂಗಡಿಯಲ್ಲೇ ಕೂಗಿದಳು. "ಎಂಗೆ ಇದೇ ಬೇಕು."

ಆಯಿತು, ದಾರಿ ಹಿಡಿದಾಯಿತು. ಇನ್ನು ವೇಗ. ದಿನಕ್ಕೆ ಅರ್ಧ ಗಂಟೆ, ಒಂದು ಪಾಠ ಬಾಯಿಗೆ ಬರದೆ ಮುಂದಿನದಕ್ಕೆ ಹೋಗಬೇಡಿ ಎಂದು ಪುಸ್ತಕದಲ್ಲಿ ಬರೆದಿತ್ತು. ಅರ್ಧ ಗಂಟೆ ಎಂದು ಗಡಿಯಾರ ನೋಡಿಕೊಂಡು ಕೂರುವ ಜೀವವೇ ಅದು? ಗೌರಕ್ಕ ತನ್ನದೇ ಲೆಕ್ಕ ಕಟ್ಟಿದಳು: ಎರಡು ಬ್ಲೌಸಿಗೆ ಒಂದು ಪಾಠ. ಕತ್ತರಿಸುವಾಗ ಕೇಳುವುದು, ಹೊಲಿಯುವಾಗ ಹೇಳುವುದು, ಗುಂಡಿ ಹಚ್ಚುವಾಗ ಒಪ್ಪಿಸುವುದು. ಎರಡನೆಯ ಬ್ಲೌಸಿನ ಕೊನೆಯ ಗುಂಡಿ ಹಚ್ಚಿದಾಗ ಪಾಠ ಬಾಯಲ್ಲಿರಬೇಕು.

ಮೊದಲಿಗೆ ಲೆಕ್ಕ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ಎಂದರೆ ಓಡಿತು! ವೈಶಾಖದ ಮದುವೆಗಳು ಶುರುವಾದವು, ಅಂಗಡಿಯಲ್ಲಿ ಬ್ಲೌಸು ರಾಶಿ ಬಿದ್ದವು, ಗೌರಕ್ಕನ ಫ್ರೆಂಚು ಕಣ್ಣಿಗೆ ಕಾಣದಷ್ಟು ಮುಂದೆ ಹೋಯಿತು. ಮದುಮಗಳ ಅಳತೆ ತೆಗೆಯುತ್ತ ರೈಲಿನ ಟಿಕೆಟ್ ಕೇಳುತ್ತಿದ್ದಳು. ಆಷಾಢ ಬಂತು, ಮದುವೆ ನಿಂತಿತು, ಬ್ಲೌಸು ನಿಂತಿತು, ಫ್ರೆಂಚೂ ನಿಂತಿತು. ಬ್ಲೌಸಿಲ್ಲದಿದ್ದರೆ ಏನಂತೆ, ಪಾಠ ಮುಂದುವರಿಸು ಎಂದು ಶಾಂತಾರಾಮ ಭಾವ ಹೇಳಿದರೆ, ಲೆಕ್ಕ ಅಂದ್ರೆ ಲೆಕ್ಕ ಎಂದಳು. ಕೊನೆಗೆ ತನ್ನ ಹಳೆಯ ಬ್ಲೌಸುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯತೊಡಗಿದಳು. ಹಾಗೆ ಹೊಲಿದೂ ಹೊಲಿದೂ ಚೌತಿಯ ಹೊತ್ತಿಗೆ ಕ್ಯಾಸೆಟ್ಟಿನ ಪೆಟ್ಟಿಗೆ ಮುಗಿಸಿದಳು. ಕಥೆಯ ಸಾರವನ್ನು ಲಕ್ಷ್ಮೀ ನಿಘಂಟು ಹಿಡಿದು ಬರೆದುಕೊಟ್ಟಿದ್ದಳು. ಅದೂ ಬಾಯಿಪಾಠವಾಯಿತು.

ಇಷ್ಟೆಲ್ಲ ಆಗುವಾಗ ನಾನೆಲ್ಲಿದ್ದೆ? ಹೊರಗೆ! ಪಾಠ ನಡೆಯುವಾಗ ಅಂಗಡಿಗೆ ಹೋದರೆ ಗೌರಕ್ಕ ಟೇಪು ಬಂದ್ ಮಾಡಿಬಿಡುತ್ತಿದ್ದಳು. ನಮ್ಮಲ್ಲಿ ಅದೊಂದು ಮರ್ಯಾದೆ. ನಾಳೆ ಎದುರು ಕೂರುವವರ ಮುಂದೆ ಇವತ್ತು ಮಾತು ಬಿಚ್ಚಬಾರದು. ನನ್ನ ಪಾತ್ರ ನಾನು ಸಿದ್ಧ ಮಾಡಿಕೊಳ್ಳಬೇಕು, ಅವಳದ್ದು ಅವಳು. ಮಾತಿಗೆ ಮಾತು ಕೂಡುವುದು ಚಾಪೆಯ ಮೇಲೆಯೇ. ಮೊದಲೇ ಕೂತು ಗೊತ್ತುಮಾಡಿಕೊಂಡರೆ ಅದು ಕಳ್ಳಾಟ ಎಂದು ಹಳಬರು ಉಗಿಯುತ್ತಾರೆ. ಅದಕ್ಕೇ ನಾನೂ ಒತ್ತಾಯ ಮಾಡಲಿಲ್ಲ, ಒಳಗೊಳಗೇ ಉರಿದುಕೊಂಡು ಗಿರಣಿಗೆ ಬರುತ್ತಿದ್ದೆ.

ನವರಾತ್ರಿಯಲ್ಲಿ ಸಿದ್ದಾಪುರದ ಒಂದು ಕಾರ್ಯಕ್ರಮ ಮುಗಿಸಿ ನಾವಿಬ್ಬರೂ ಬೆಳಗಿನ ಬಸ್ಸಿಗೆ ಶಿರಸಿಗೆ ಬಂದಿಳಿದೆವು. ನಿಲ್ದಾಣದಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಬಿಳಿಯ ಹೆಂಗಸು ಮತ್ತು ಗಂಡಸು, ಗೋಕರ್ಣದ ಬಸ್ಸಿಗೆ ಕಾಯುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದಿದ್ದೇ ತಡ, ಗೌರಕ್ಕ ನನ್ನ ತೋಳು ಹಿಂಡಿದಳು.

"ಫ್ರೆಂಚೇ! ದೇವ್ರಾಣೆ ಫ್ರೆಂಚೇ, ಪರಿಮಳಾ!"

ಸೆರಗು ಸರಿಮಾಡಿಕೊಂಡು ನೇರ ಅವರ ಮುಂದೆ ಹೋಗಿ ನಿಂತಳು. "ಬೊಂಜೂರ್ ಮದಾಮ್!" ಎಂದಳು. ಆಮೇಲೆ ಬಂತು ನೋಡಿ, ಒಂದೇ ಉಸಿರಿಗೆ, ಏರುವಲ್ಲಿ ಏರಿ ಇಳಿಯುವಲ್ಲಿ ಇಳಿದು, ಎಷ್ಟು ಚೆಂದ! ಬಿಳಿಯ ಹೆಂಗಸು ಖುಷಿಯಿಂದ ಕೈ ತಟ್ಟಿಬಿಟ್ಟಳು. ನನಗೆ ಕಣ್ಣಲ್ಲಿ ನೀರೇ ಬಂತು. ನಮ್ಮ ನಂದೊಳ್ಳಿ ಗೌರಕ್ಕ, ಹಳೆ ಬ್ಲೌಸು ಬಿಚ್ಚಿ ಕಲಿತವಳು!

ಆ ಹೆಂಗಸು ಗಳಗಳ ಮಾತಾಡಿದಳು. ನಡುವೆ ಏನೋ ಕೇಳಿದ ಹಾಗಿತ್ತು. ಗೌರಕ್ಕ ತಲೆಯಾಡಿಸುತ್ತ ಕೇಳಿದಳು, ಅವಳು ಮುಗಿಸಿದ ಕೂಡಲೇ ತನ್ನ ಮುಂದಿನ ಮಾತು ಹೇಳಿದಳು. ಆ ಹೆಂಗಸಿನ ಹುಬ್ಬು ಗಂಟಾಯಿತು. ಗಂಡನ ಮುಖ ನೋಡಿದಳು. ಮತ್ತೆ ನಿಧಾನವಾಗಿ ಏನೋ ಕೇಳಿದಳು. ಗೌರಕ್ಕ ಇನ್ನೂ ಚೆಂದಾಗಿ ಇನ್ನೊಂದು ಹೇಳಿದಳು. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಇವಳು ಅಂಚೆ ಕಚೇರಿ ದೂರವೇ ಎಂದಿದ್ದಳು, ನಿಮ್ಮ ಹೆಸರೇನು ಎಂದಿದ್ದಕ್ಕೆ ಸಮುದ್ರ ಕಾಣುವ ಕೋಣೆ ಬೇಕು ಎಂದಿದ್ದಳು ಎನ್ನುವುದೆಲ್ಲ ನಾನು ಆಮೇಲೆ ಲೆಕ್ಕ ಹಾಕಿ ತಿಳಿದಿದ್ದು. ಆಗ ನನಗೆ ಅರ್ಥವಾಗಿದ್ದು ಕೊನೆಯ ಮಾತೊಂದೇ. "ದ್ಯೂ ಕಫೇ, ಸಿಲ್ ವು ಪ್ಲೇ!" ಎಂದಳು ಗೌರಕ್ಕ, ದೊಡ್ಡ ನಗು ನಗುತ್ತ.

ಆ ಗಂಡಸು ಪಾಪ, ಏನು ತಿಳಿದನೋ ಏನೋ, ಚೀಲ ಕೆಳಗಿಟ್ಟು ಕ್ಯಾಂಟೀನಿಗೆ ಹೋಗಿ ಎರಡು ಲೋಟ ಕಾಫಿ ತಂದು ನಮ್ಮಿಬ್ಬರ ಕೈಗೆ ಕೊಟ್ಟ. ಅಷ್ಟರಲ್ಲಿ ಗೋಕರ್ಣದ ಬಸ್ಸು ಬಂತು. ಅವರು ಕೈ ಬೀಸುತ್ತ ಹತ್ತಿ ಹೋದರು.

ನಾನು ಬೆಂಚಿನ ಮೇಲೆ ಕುಕ್ಕರಿಸಿದೆ. "ಗೌರಕ್ಕ, ಅವು ಎಂತ ಕೇಳಿದ ಹೇಳಿ ಗೊತ್ತಿದ್ದಾ ನಿಂಗೆ?"

"ಎಂಗೆ ಎಂತಕ್ಕೆ ಗೊತ್ತಾಗಕು? ಅದು ಅವ್ರ ಪಾತ್ರ," ಎಂದಳು ಕಾಫಿ ಊದುತ್ತ. "ಎನ್ನ ಪಾತ್ರ ಆನು ಮಾಡಿದೆ."

ಆಗ ನನಗೆ ತಿಳಿಯಿತು. ಕ್ಯಾಸೆಟ್ಟಿನಲ್ಲಿ ಇಬ್ಬರು ಮಾತಾಡುತ್ತಿದ್ದರಲ್ಲ, ಅವರಲ್ಲಿ ಪ್ರವಾಸ ಹೊರಟ ಆ ಹೆಂಗಸಿನ ಪಾತ್ರವನ್ನು ಗೌರಕ್ಕ ತನ್ನದೆಂದು ತೆಗೆದುಕೊಂಡಿದ್ದಾಳೆ! ಆ ಗಂಡಸು ಅಂಗಡಿಯವನೋ, ಟಿಕೆಟ್ಟಿನವನೋ, ಡಾಕ್ಟರೋ, ಅವನು ಎದುರಿನವನು. ಅವನ ಮಾತು ಅವನಿಗೆ ಬಿಟ್ಟಿದ್ದು. ಅವನ ದನಿ ಬಂದಾಗಲೆಲ್ಲ ಇವಳು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳಂತೆ, ಮಷಿನ್ನು ಜೋರಾಗಿ ತುಳಿಯುತ್ತ. ಇಡೀ ಪೆಟ್ಟಿಗೆಯಲ್ಲಿ ಅರ್ಧ ಫ್ರೆಂಚು ಅವಳ ಕಿವಿಗೆ ಬಿದ್ದೇ ಇಲ್ಲ!

"ಅವ್ರ ಮಾತು ಮೊದ್ಲೇ ಕೇಳಿಕೆಂಡ್ರೆ ಕಳ್ಳಾಟ ಆಗ್ತಲೆ," ಎಂದಳು.

"ಕಳ್ಳಾಟನೂ ಇಲ್ಲೆ, ಎಂತದೂ ಇಲ್ಲೆ! ಅದು ಭಾಷೆ ಮಾರಾಯ್ತಿ, ಭಾಷೆ!" ಎಂದು ನಾನು ಕೂಗಿದ್ದಕ್ಕೆ ನಿಲ್ದಾಣದ ನಾಯಿಗಳು ಎದ್ದು ಓಡಿದವು. "ಮಾರ್ಟಿನ್ ಬಂದು ಪ್ರಶ್ನೆ ಕೇಳಿದ್ರೆ ಎಂತ ಮಾಡ್ತೆ? ಕಾಫಿ ಕೇಳ್ತ್ಯಾ?"

ಆಗ ಗೌರಕ್ಕನ ಕೈಯಲ್ಲಿ ಲೋಟ ನಿಂತಿತು. ಎದುರಿನವರ ಮಾತಿಗೆ ಉತ್ತರ ಕೊಡುವುದರಲ್ಲಿ ಹೆಸರಾದವಳು ಅವಳು. ಆ ಎದುರಿನ ಮಾತೇ ತನಗೆ ಗೊತ್ತಿಲ್ಲ ಎಂದು ಅವಳಿಗೆ ಹೊಳೆದಿದ್ದು ಆಗಲೇ. ದೀಪಾವಳಿ ಬಾಗಿಲಿಗೆ ಬಂದಿತ್ತು. "ಹಂಗಾರೆ ಹೋತು, ಪರಿಮಳಾ. ಆ ಗಂಡಸ್ರೇ ಹೋಗ್ತ," ಎಂದಳು. ಅಷ್ಟು ಸಣ್ಣ ದನಿಯಲ್ಲಿ ಗೌರಕ್ಕ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಅದನ್ನು ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು.

"ಹೋಗ್ತ್ವನ? ಹೋಗ್ಲಿ ನೋಡನ! ಎದುರಿನ ಪಾತ್ರ ಆನು ಕಲಿತೆ. ಕೊಡು ಆ ಪೆಟ್ಟಿಗೆ!"

ಹೇಳುವಾಗ ಹೇಳಿ ಆಯಿತು. ಮನೆಗೆ ಬಂದು ಟೇಪು ಹಾಕಿದ ಮೇಲೆ ಹೆದರಿಕೆ ಬಂತು. ಎಲ್ಲ ಮೂಗಿನಿಂದ, ಎಲ್ಲ ಗಂಟಲಿನಿಂದ. ಗೌರಕ್ಕನ ಬ್ಲೌಸಿನ ಲೆಕ್ಕ ನನಗೆ ನಡೆಯುವುದಿಲ್ಲ, ನಾನು ಹಿಟ್ಟಿನವಳು. ಕೊನೆಗೆ ಟೇಪನ್ನು ಗಿರಣಿಗೇ ತಂದೆ. ಸದ್ದಿನಲ್ಲಿ ಕೇಳಬೇಕೆಂದರೆ ಕಿವಿ ಅಂಟಿಸಿಕೊಳ್ಳಬೇಕು, ಹೇಳಬೇಕೆಂದರೆ ಕೂಗಬೇಕು. ಅದೇ ಒಳ್ಳೆಯದಾಯಿತು, ಕೂಗಿದ್ದು ಮರೆಯುವುದಿಲ್ಲ. ರಾಗಿ ಬೀಸಿಸಲು ಬಂದ ವೆಂಕಮ್ಮ ಬಾಗಿಲಲ್ಲೇ ನಿಂತಳು. "ಎಂತದೇ ಪರಿಮಳಾ, ಬೆಳಗಾಗಿ ಯಾರಿಗೆ ಬೈತಾ ಇದ್ದೆ?" ಎಂದಳು. ಬಯ್ಯುತ್ತಿಲ್ಲ, ಹೋಟೆಲಿನಲ್ಲಿ ಕೋಣೆ ಖಾಲಿ ಇಲ್ಲ ಎನ್ನುತ್ತಿದ್ದೇನೆ ಎಂದೆ. ಅವಳು ರಾಗಿಯನ್ನು ಅಲ್ಲೇ ಇಟ್ಟು ನನ್ನ ಗಂಡನನ್ನು ಹುಡುಕಿಕೊಂಡು ಹೋದಳು.

ದಿನವೂ ಮಧ್ಯಾಹ್ನ ಗೌರಕ್ಕನ ಅಂಗಡಿಯಲ್ಲಿ ಕೂತೆವು. ಮೊದಲ ದಿನ ಅವಳಿಗೆ ಬಾಯೇ ಏಳಲಿಲ್ಲ. ಕಳ್ಳಾಟ ಎನ್ನುವ ಹಳಬರ ಮಾತು ಅಡ್ಡ ಬಂದಿತ್ತು. ಶಾಂತಾರಾಮ ಭಾವನೇ ಮದ್ದಳೆ ತಂದಿಟ್ಟು, "ಇದು ತಾಲೀಮು ಹೇಳಿ ತಿಳ್ಕಳಡಿ. ಇದು ಆಟವೇ. ಶುರು ಮಾಡಿ," ಎಂದ. ಧೋಂ ಎಂದು ಒಂದು ಪೆಟ್ಟು ಹಾಕಿದ. ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ! ಪುಸ್ತಕದ ಕ್ರಮ ಬಿಟ್ಟೆವು, ಬ್ಲೌಸಿನ ಲೆಕ್ಕವನ್ನೂ ಬಿಟ್ಟೆವು. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ತಿಳಿಯುವ ತನಕ ಅಲ್ಲಿಂದ ಮುಂದೆ ಹೋಗುವಂತಿಲ್ಲ, ಅದೊಂದೇ ನಿಯಮ. ಒಂದೊಂದು ದಿನ ಒಂದೇ ಪ್ರಶ್ನೆಯಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಒಂದೊಂದು ದಿನ ನಾಲ್ಕಾರು ಪಾಠದ ಮಾತು ಒಟ್ಟಿಗೇ ಹೊರಬರುತ್ತಿತ್ತು. ನಾನು ಅಂಗಡಿಯವನಾಗಿ ಅರಿವೆ ಕೊಡುವುದಿಲ್ಲ ಎನ್ನುತ್ತಿದ್ದೆ, ಅವಳು ಯಾಕೆ ಕೊಡುವುದಿಲ್ಲ ಎಂದು ಜಗಳ ತೆಗೆಯುತ್ತಿದ್ದಳು. ಪುಸ್ತಕದಲ್ಲಿ ಆ ಜಗಳ ಇರಲಿಲ್ಲ, ಅದಕ್ಕೆ ಶಬ್ದ ಬೇಕಾಯಿತು, ಲಕ್ಷ್ಮೀಯ ನಿಘಂಟನ್ನು ಕಸಿದುಕೊಂಡು ಬಂದೆವು. ವ್ಯಾಕರಣ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಆದರೆ ಮಾತಿಗೆ ಮಾತು ಕೂಡತೊಡಗಿತು. ಅಯ್ಯೋ, ಆ ದಿನಗಳ ಖುಷಿ ಏನು ಹೇಳಲಿ! ಗಿರಣಿಯಿಂದ ಅವಳ ಅಂಗಡಿಗೆ ನಾನು ನಡೆದು ಹೋಗುತ್ತಿರಲಿಲ್ಲ, ಓಡುತ್ತಿದ್ದೆ.

ಮಾರ್ಟಿನ್ ಬಂದಳು. ಹೊಲಿಗೆ ಅಂಗಡಿಯ ಮಷಿನ್ನು ಬದಿಗೆ ಸರಿಸಿ ಚಾಪೆ ಹಾಸಿದ್ದೆವು. ಲಕ್ಷ್ಮೀ ಪದ ಹೇಳಿದಳು, ಶಾಂತಾರಾಮ ಭಾವ ನುಡಿಸಿದ, ಗೌರಕ್ಕ ಫ್ರೆಂಚಿನಲ್ಲಿ ಕಥೆ ಹೇಳಿದಳು. ಅದು ಮೊದಲೇ ಬಾಯಲ್ಲಿತ್ತು, ತೊಡಕಿಲ್ಲದೆ ಹೋಯಿತು. ಮಾರ್ಟಿನ್ ತಲೆಯಾಡಿಸುತ್ತ ಪೆನ್ನು ಹಿಡಿದು ಕೂತಿದ್ದಳು. ಇನ್ನು ಪ್ರಶ್ನೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಫ್ರೆಂಚು ಗೌರಕ್ಕನದು ಎಂದೇ ಮಾತಾಗಿತ್ತು.

ಯಾಕೆ ವೇಷ ಹಾಕುವುದಿಲ್ಲ ಎಂದು ಮಾರ್ಟಿನ್ ಕೇಳಿದಳು. ವೇಷ ಕಣ್ಣಿಗೆ, ನಮ್ಮದು ಕಿವಿಗೆ ಎಂದಳು ಗೌರಕ್ಕ, ಚಿಕ್ಕ ಚಿಕ್ಕ ಮಾತಿನಲ್ಲಿ. ಮುಂದಿನದು ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ, ನಿಧಾನ ಎಂದು ಕೇಳಿ, ತಿಳಿದುಕೊಂಡು, ಅದಕ್ಕೂ ಹೇಳಿದಳು. ಆಮೇಲೆ ಮಾರ್ಟಿನ್ ನಗುತ್ತ ಕೇಳಿದಳು: ರಾಜನ ಮಾತಿನಲ್ಲೂ ನ್ಯಾಯ ಇದೆಯಲ್ಲ ಎಂದು ನಮ್ಮ ಜನ ಹೇಳಿದರೆ?

"ನೋಂ!" ಎಂದಳು ಗೌರಕ್ಕ. ರಾಜನಿಗೆ ತಲೆ ಇಲ್ಲ, ಹೊಟ್ಟೆ ಮಾತ್ರ ಇದೆ ಎಂದಳು. ಎಲ್ಲ ಫ್ರೆಂಚಿನಲ್ಲಿ, ನನ್ನ ಮುಖವನ್ನೇ ನೋಡುತ್ತ!

ಪರೀಕ್ಷೆ ಎನ್ನುವುದು ನನಗೆ ಮರೆತೇಹೋಯಿತು. "ಪಾರ್ದೋಂ!" ಎಂದು ಗಿರಣಿಯ ದನಿಯಲ್ಲಿ ಕೂಗಿದೆ. ಮಾರ್ಟಿನ್ ಕೂತಲ್ಲೇ ಹಾರಿದಳು. ಈ ನೆಲ ನನ್ನದು, ಅಂಗಡಿ ನನ್ನದು, ನಾನು ಮಾರುವುದಿಲ್ಲ ಎಂದೆ. ಸಿಟ್ಟಿನಲ್ಲಿ ಸಿಕ್ಕಿದ ಶಬ್ದ ಅಂಗಡಿಯದು, ಇರಲಿ. ನಿನ್ನ ತಮ್ಮಂದಿರು ಬೀದಿಯಲ್ಲಿ ಮಲಗಿದ್ದಾರೆ ಎಂದಳು ಅವಳು. ಹೋಟೆಲಿಗೆ ಹೋಗಲಿ ಎಂದೆ ನಾನು. ಕೋಣೆ ಖಾಲಿ ಇಲ್ಲ ಎಂದಳು ಅವಳು! ಮಾರ್ಟಿನ್ ಏನೋ ಕೇಳಲು ಬಾಯಿ ತೆರೆದಳು, ನಾವಿಬ್ಬರೂ ಒಟ್ಟಿಗೇ ಕೈ ತೋರಿಸಿ ತಡೆದೆವು. ಗೌರಕ್ಕ ಮೊಣಕಾಲ ಮೇಲೆ ಎದ್ದು, ಬೆರಳು ನನ್ನ ಮೂಗಿನ ತನಕ ತಂದು, ಕೊನೆಯ ಪೆಟ್ಟಿಗೆ ಸಿದ್ಧಳಾದಳು.

"ತ್ಯು ನಾ ಪಾ..." ಎಂದಳು. ನಿನಗೆ ಇಲ್ಲ...

ಅಲ್ಲಿ ನಿಂತಳು. "ತ್ಯು ನಾ ಪಾ..." ಶಬ್ದ ಬರಲಿಲ್ಲ. ಶಾಂತಾರಾಮ ಭಾವನ ಕೈ ಮದ್ದಳೆಯ ಮೇಲೆ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಲಕ್ಷ್ಮೀ ಕಣ್ಣು ಮುಚ್ಚಿಕೊಂಡಳು. ಮಾರ್ಟಿನ್ ಪೆನ್ನು ಹಿಡಿದು ಕಾಯುತ್ತಿದ್ದಳು. ಇಷ್ಟು ವರ್ಷ ಎದುರು ಕೂತಿದ್ದೇನೆ, ಗೌರಕ್ಕ ಮಾತಿಗೆ ತಡಕಾಡಿದ್ದನ್ನು ನಾನು ಕಂಡವಳಲ್ಲ. ಇದಕ್ಕಾಗಿಯೇ ಅಲ್ಲವೇ ಚಾಪೆ ಹತ್ತಿದಾಗಲೆಲ್ಲ ನಾನು ಕಾದಿದ್ದು! ಎದುರಿನವರು ನಿಂತರೆ ಕಾಯಬಾರದು, ಮೇಲೆ ಬೀಳಬೇಕು, ಗೆಲ್ಲಬೇಕು. ನಮ್ಮ ಆಟದ ರೀತಿಯೇ ಅದು. ಅವಳ ಕಣ್ಣು ನನ್ನ ಮೇಲಿತ್ತು. ಅವಳು ಹುಡುಕುತ್ತಿದ್ದ ಶಬ್ದ ಯಾವುದೆಂದು ನನಗೆ ಗೊತ್ತಿತ್ತು. ಗಿರಣಿಯಲ್ಲಿ ಸರದಿ ತಪ್ಪಿಸುವವರಿಗೆ ಹೇಳಲೆಂದೇ ಅದನ್ನು ನಿಘಂಟಿನಲ್ಲಿ ಹುಡುಕಿ ಇಟ್ಟುಕೊಂಡಿದ್ದೆ.

"ಓಂತ್," ಎಂದೆ. ನಾಚಿಕೆ.

"ವ್ವಿ! ಓಂತ್!" ಎಂದು ಗೌರಕ್ಕ ಹಾರಿ ಹಿಡಿದಳು. "ತ್ಯು ನಾ ಪಾ ಓಂತ್!" ನಿನಗೆ ನಾಚಿಕೆ ಇಲ್ಲ! ಧೋಂ ಎಂದು ಬಿತ್ತು ಮದ್ದಳೆಯ ಪೆಟ್ಟು. ನನ್ನನ್ನು ಬಯ್ಯಲು ಬೇಕಾದ ಶಬ್ದವನ್ನು ನಾನೇ ಎತ್ತಿಕೊಟ್ಟು, ಬೈಸಿಕೊಂಡು, ಚಾಪೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.

ಮಾರ್ಟಿನ್ ಪೆನ್ನಿನ ಮುಚ್ಚಳ ಹಾಕಿದಳು. "ನಾಲ್ಕು ಟಿಕೆಟ್," ಎಂದಳು ಕನ್ನಡದಲ್ಲಿ. ಲಕ್ಷ್ಮೀ ಕೂಗಿಕೊಂಡಳು. ಶಾಂತಾರಾಮ ಭಾವ ಮದ್ದಳೆ ಬಿಟ್ಟು ಎದ್ದೇಬಿಟ್ಟ. ಗೌರಕ್ಕನಿಗೆ ಮಾತ್ರ ಯಾವುದೂ ಕೇಳಿಸಲಿಲ್ಲ, ಫ್ರೆಂಚಿನಲ್ಲಿ ನನ್ನನ್ನು ಬಯ್ಯುವುದು ಇನ್ನೂ ಮುಗಿದಿರಲಿಲ್ಲ.